ಬುಡ ಮೇಲಾದ ಕಂಬ

ರಿಪೇರಿಗೆಂದು ಗುಡಿಯ ಪಶ್ಚಿಮದ ಮೂರನೆಯ ಕಂಬದ ಕೆಂಪು ಬಣ್ಣ ಹೆರೆದಾಗ ಮರದ ಗಂಟುಗಳು ಕಂಡವು. ಕೊಂಬೆ ಮೇಲಕ್ಕೆ ಬೆಳೆಯುತ್ತದೆ, ಗಂಟೂ ಮೇಲಕ್ಕೇ ಓರೆಯಾಗಿರಬೇಕು. ಇಲ್ಲಿ ಎಲ್ಲವೂ ನೆಲ ನೋಡುತ್ತಿದ್ದವು. ಯಾರೋ ಬುಡ ಮೇಲೆ, ತುದಿ ಕೆಳಗೆ ಮಾಡಿ ನಿಲ್ಲಿಸಿದ್ದರು. ನಮ್ಮ ಕಸುಬಿನವರು ಹಂದಿಗೂಡಿಗೂ ಹಾಗೆ ಮಾಡುವುದಿಲ್ಲ. ಮರ ತಲೆಕೆಳಗಾದರೆ ವಂಶ ತಲೆಕೆಳಗಾಗುತ್ತದೆ ಎಂದು ಉಳಿ ಹಿಡಿದ ಮೊದಲ ದಿನವೇ ಕಲಿಸುತ್ತಾರೆ.

"ಇದನ್ನ ನಿಲ್ಸಿದೋನು ಬಡಗಿಯಲ್ಲ, ಕಟುಕ!" ಎಂದು ಕೂಗಿದೆ.

ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಗುಡಿ ಸಮಿತಿಯ ಮುಖ್ಯಸ್ಥ ತೋಂಗ್ ಯೂಚಿಂಗ್ ಲೋಟದ ಸಮೇತ ಒಳಗೆ ಬಂದ. "ಅದಕ್ಕೇ ನಮ್ಮೂರಲ್ಲಿ ಒಬ್ಬನೂ ಕಾಲೇಜಿನ ದೊಡ್ಡ ಪರೀಕ್ಷೆ ಪಾಸಾಗಲಿಲ್ಲ ನೋಡು. ಯಾರ ಕೆಲ್ಸ ಅಂತ ತೊಲೆ ಮೇಲೆ ಇರತ್ತಲ್ಲ. ಲೂ, ಏಣಿ ಹತ್ತು. ಆ ಹೆಸ್ರು ಹೆರೆದುಹಾಕು."

ಈ ಗುಡಿ ಅಧಿಕಾರಿ ಶ್ವೆಯ ಸ್ಮಾರಕ. ಕ್ಷಾಮದಲ್ಲಿ ರಾಜಧಾನಿಯ ಅಪ್ಪಣೆಗೆ ಕಾಯದೆ ಸರಕಾರಿ ಕಣಜ ತೆರೆದು, ಊರು ಉಳಿಸಿ, ತಲೆ ಕೊಟ್ಟವನು. ನಾನೂರು ವರ್ಷದಲ್ಲಿ ಗುಡಿ ಎರಡು ಸಲ ಸುಟ್ಟಿದೆ. ಊರಿಗೆಲ್ಲ ಒಂದೇ ಬೇಸಾಯವಿದ್ದ ಕಮ್ಯೂನಿನ ಕಾಲದಲ್ಲಿ ಇಲ್ಲಿ ಗೊಬ್ಬರದ ಚೀಲ ಪೇರಿಸಿದ್ದರು. ಪ್ರತಿ ಸಲ ರಿಪೇರಿ ಮಾಡಿದವರ ಹೆಸರು ನೆತ್ತಿಯ ತೊಲೆಯ ಅಡಿಯಲ್ಲಿದೆ. ಬಡಗಿ ಸತ್ತ ಮೇಲೆ ಉಳಿಯುವುದು ಅಷ್ಟೆ.

ಏಣಿ ಹತ್ತಿ ಊದುಬತ್ತಿಯ ಮಸಿ ಒರೆಸಿದೆ. ಕೊನೆಯ ಸಾಲಿನಲ್ಲಿ ಗೆಂಗ್ ಬೋಶಾನ್ ಎಂದಿತ್ತು. ನನ್ನ ಗುರು.

"ಯಾರಾದ್ರೇನು, ಹೆರಿ" ಎಂದ ತೋಂಗ್.

"ನಾಳೆ" ಎಂದೆ.

ಸಂಜೆ ಗುರುವಿನ ಮನೆಗೆ ಹೋದೆ. ಅವನಿಗೆ ಎಂಬತ್ತೆರಡು. ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ನನ್ನನ್ನು ನೋಡಿ, "ಕಂಬ ಕಂಡ್ತಾ? ನಲವತ್ತು ವರ್ಷ ಬೇಕಾಯ್ತೇನೋ ಕತ್ತೆ?" ಎಂದ.

"ಗೊತ್ತಿದ್ದೇ ಮಾಡಿದ್ರಾ?"

"ಮತ್ತೆ ಕುಡಿದು ಮಾಡಿದ್ನಾ? ಆಗ ಮರ ಎಲ್ಲಿತ್ತೋ? ಇಡೀ ಕಣಿವೆಗೆ ಒಂದೇ ದಿಮ್ಮಿ, ಅದರ ಬುಡ ಗೆದ್ದಲು ತಿಂದಿತ್ತು. ಒದ್ದೆ ನೆಲದ ಕಡೆ ಅದನ್ನಿಟ್ಟಿದ್ರೆ ಐದೇ ವರ್ಷಕ್ಕೆ ಸೂರು ಕುಸೀತಿತ್ತು. ಗಟ್ಟಿ ತುದೀನ ಕೆಳಗಿಟ್ಟೆ."

"ತೋಂಗ್ ನಿಮ್ಮ ಹೆಸ್ರು ಹೆರಿ ಅಂತಾನೆ. ನಾನೂ ಎಲ್ರ ಮುಂದೆ ನಿಮ್ಮನ್ನ ಕಟುಕ ಅಂದ್ಬಿಟ್ಟೆ."

"ಇಲ್ಲೀವರೆಗೂ ಕೇಳಿಸ್ತು. ನಿನ್ ಕೈಗಿಂತ ಗಂಟ್ಲೇ ಮೊದ್ಲಿಂದ ಜಾಸ್ತಿ ದುಡಿಯೋದು."

ಮರುದಿನ ಬೆಳಗ್ಗೆ ಕೋಲೂರಿಕೊಂಡು ಅವನೇ ಗುಡಿಗೆ ಬಂದ. ಶ್ವೆಯ ಮೂರ್ತಿಯ ಕಡೆ ಕೋಲು ತೋರಿಸಿ ತೋಂಗ್‌ಗೆ ಹೇಳಿದ: "ಅಪ್ಪಣೆ ಮೀರಿದೋನಿಗೆ ಧೂಪ ಹಾಕ್ತೀಯ. ನಾನು ಒಂದು ಕಂಬ ತಿರುಗಿಸಿದ್ರೆ ಹೆಸ್ರು ಹೆರೀತೀಯ?"

"ಅವನು ಹಾಡುಹಗಲೇ ಕಣಜದ ಬಾಗಿಲು ತೆಗೆದ, ತಾತ. ನೀನು ಬಣ್ಣ ಬಳಿದು ಮುಚ್ಚಿಟ್ಟೆ."

ತೋಂಗ್ ಸಾಮಾನ್ಯವಾಗಿ ದಡ್ಡ. ಅಂದು ಮಾತ್ರ ಅವನ ಮಾತು ಸರಿಯಾಗಿತ್ತು. ಮುದುಕ ಕಂಬದ ಗಂಟುಗಳ ಮೇಲೆ ಕೈಯಾಡಿಸಿದ.

"ಅದು ನಿಜ" ಎಂದ. "ಲೂ, ಕುಂಚ ತಗೊಂಡು ಹತ್ತು. ನಾನೀಗ ಏಣಿ ಹತ್ತಲಾರೆ. ನಾನು ಹೇಳಿದ್ದನ್ನ ಬರಿ."

ಅವನ ಹೆಸರಿನ ಕೆಳಗೆ ಬರೆದೆ: ಪಶ್ಚಿಮದ ಮೂರನೆಯ ಕಂಬ ತಲೆಕೆಳಗು. ತಿಳಿದೇ ಮಾಡಿದ್ದು. ಮುಚ್ಚಿಟ್ಟವನೂ ನಾನೇ.

ತೋಂಗ್ ಮತ್ತೆ ಹೆರೆಯುವ ಮಾತೆತ್ತಲಿಲ್ಲ. ಗೆದ್ದಲು ತಿಂದ ಬುಡ ಮೇಲೆ ಒಣಗಿದ್ದಲ್ಲಿ ಇನ್ನೂ ಭಾರ ಹೊರುತ್ತಿತ್ತು. ನಾನು ಕೊಳೆತಿದ್ದ ಒಂದು ಮೊಳವನ್ನಷ್ಟೇ ಕೆಳಗಿನಿಂದ ಕೊಯ್ದು, ಹೊಸ ಮರವನ್ನು ಬುಡ ಕೆಳಗಾಗಿ ಬೆಸೆದೆ. ಈಗ ಕೆಳಗಿನ ಗಂಟುಗಳು ಆಕಾಶ ನೋಡುತ್ತವೆ, ಮೇಲಿನವು ನೆಲ.

"ಕೆಂಪು ಬಣ್ಣ ಹಚ್ಚು" ಎಂದ ತೋಂಗ್.

ಹಚ್ಚಲಿಲ್ಲ. ಒಳಗಿನದು ಕಾಣುವಂತೆ ಬರೀ ಎಣ್ಣೆ ಬಳಿದೆ.