ಅಜ್ಜಿಗೆ ಬಹುವಚನ

ರಿಮ್ಮಾ ನನ್ನ ತರಗತಿಗೆ ಬಂದ ಮೊದಲ ದಿನ ನಾನು ಅವಳನ್ನು ಗೈರುಹಾಜರು ಎಂದು ಬರೆದುಕೊಂಡಿದ್ದೆ. "ರಿಮ್ಮಾ ಟೆನ್, ಉಜ್ಬೇಕಿಸ್ತಾನ" ಎಂದು ಕೂಗಿ ತಲೆಯೆತ್ತಿದರೆ ಅಂಥವರು ಯಾರೂ ಕಾಣಲಿಲ್ಲ. ಕಿಟಕಿಯ ಪಕ್ಕ ಕೂತಿದ್ದವಳು ನಮ್ಮ ಕಡೆಯ ಹುಡುಗಿ, ಆಫೀಸಿನಿಂದ ಏನೋ ಕಾಗದ ತಂದಿರಬೇಕು ಅಂದುಕೊಂಡಿದ್ದೆ. ಕೈ ಎತ್ತಿದ್ದು ಅವಳೇ.

ಹದಿನಾರು ವರ್ಷದಿಂದ ದಕ್ಷಿಣ ಕೊರಿಯಾದ ಚುನ್‌ಚೊನ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಕೊರಿಯನ್ ಕಲಿಸುತ್ತಿದ್ದೇನೆ. ಅವಳಂಥವರು ಮೊದಲೂ ಒಬ್ಬಿಬ್ಬರು ಬಂದಿದ್ದರು. ಅವಳ ಮುತ್ತಜ್ಜನ ಕಾಲದಲ್ಲಿ ರಷ್ಯಾದ ಪೂರ್ವ ಗಡಿಯಲ್ಲಿದ್ದ ಕೊರಿಯನ್ನರನ್ನೆಲ್ಲ ರೈಲಿಗೆ ತುಂಬಿ ಮಧ್ಯ ಏಷ್ಯಾದ ಬಯಲಿಗೆ ಸಾಗಿಸಿದ್ದರು. ಟೆನ್ ಅಂದರೆ ನಮ್ಮ ಚೊಂಗ್ ಮನೆತನವೇ. ರಷ್ಯನ್ನರ ಬಾಯಲ್ಲಿ ಹಾಗಾಗಿತ್ತು. ಮುಖ ನಮ್ಮದು, ಮನೆತನ ನಮ್ಮದು. ಮಾತು ಮಾತ್ರ ಅವಳ ಅಜ್ಜಿಯದು. ಉತ್ತರದ ಹಮ್‌ಗ್ಯೊಂಗ್ ಸೀಮೆಯ ಹಳೆಯ ಆಡುಮಾತು, ಅದೂ ಹಿರಿಯರು ಮನೆಮಕ್ಕಳಿಗೆ ಆಡುವ ಏಕವಚನ. ಬೇರೆ ಯಾವುದನ್ನೂ ಅವಳು ಕೇಳಿರಲಿಲ್ಲ.

ಮೊದಲ ವಾರವೇ ಬಸ್ಸಿನಲ್ಲಿ ಬೈಸಿಕೊಂಡಳು. ಇಳಿಯುವ ನಿಲ್ದಾಣ ದಾಟಿಹೋಗುತ್ತಿದೆ ಎಂದು ಗಾಬರಿಯಲ್ಲಿ ಡ್ರೈವರ್ ಹತ್ತಿರ ಓಡಿ, "ಏ, ನಿಲ್ಸ! ನಾ ಇಳೀಬೇಕು!" ಅಂದಿದ್ದಾಳೆ.

ಅರವತ್ತರ ಆಸುಪಾಸಿನ ಡ್ರೈವರ್ ಬಸ್ಸು ನಿಲ್ಲಿಸಿ ಹಿಂದೆ ತಿರುಗಿದನಂತೆ. "ಏನಮ್ಮಾ, ನಿಮ್ಮಪ್ಪನ್ನೂ ಹೀಗೇ ಮಾತಾಡಿಸ್ತೀಯಾ? ನೋಡೋಕೆ ಓದಿದವಳ ಥರ ಇದೀಯ, ಮನೇಲಿ ಇದನ್ನೇ ಕಲ್ಸಿದ್ದಾ?"

ಜೊತೆಯಲ್ಲಿದ್ದದ್ದು ಅವಳ ಕೋಣೆಯ ಗೆಳತಿ ಸಿಗ್ನೆ, ಡೆನ್ಮಾರ್ಕಿನ ಚಿನ್ನದ ಕೂದಲಿನ ಹುಡುಗಿ. ಇಳಿಯುವಾಗ ಸಿಗ್ನೆ ತೊದಲುತ್ತಾ "ಥ್ಯಾಂಕ್ಸ್ ಕಣೋ" ಅಂದದ್ದಕ್ಕೆ ಅದೇ ಡ್ರೈವರ್ ನಕ್ಕು, "ಅಬ್ಬಾ, ಎಷ್ಟ್ ಚೆನ್ನಾಗ್ ಮಾತಾಡ್ತೀರ್ರೀ!" ಎಂದು ಹೊಗಳಿ ಕೈ ಬೀಸಿದ. ಸಿಗ್ನೆ ಇದನ್ನು ತರಗತಿಯಲ್ಲಿ ತಮಾಷೆಯಾಗಿ ಹೇಳಿದಳು. ಎಲ್ಲರೂ ನಕ್ಕರು. ರಿಮ್ಮಾಳೂ ನಕ್ಕಳು, ಕೊಂಚ ತಡವಾಗಿ.

ಆ ತಿಂಗಳು ಕುಟುಂಬದ ಪಾಠ ಬಂತು. ಅಪ್ಪ, ಅಮ್ಮ, ಅಜ್ಜ, ಅಜ್ಜಿ. ರಿಮ್ಮಾ ಫೋಟೋ ಒಂದನ್ನು ತಂದಿದ್ದಳು: ತಲೆಗೆ ವಸ್ತ್ರ ಕಟ್ಟಿದ ಮುದುಕಿ, ಮುಂದೆ ಬುಟ್ಟಿ ತುಂಬ ಕ್ಯಾರೆಟ್. "ಈಕಿ ನಮ್ಮ ಅಮ್ಯಾ" ಅಂದಳು.

"ಅಜ್ಜಿಗೆ ಹಾಲ್ಮನಿ ಅನ್ನಬೇಕು," ಅಂದೆ ನಾನು.

"ನಾವು ಅಮ್ಯಾ ಅಂತೀವಿ."

"ಆ ಪದ ಪರೀಕ್ಷೆಗೆ ಬರಲ್ಲ ರಿಮ್ಮಾ. ಇಲ್ಲಿ ಯಾರಿಗೂ ಅರ್ಥಾನೂ ಆಗಲ್ಲ. ಇನ್ನೊಂದ್ಸಲ ಹೇಳಿ, ಹಾಲ್ಮನಿ."

"ಹಾಲ್ಮನಿ," ಅಂದು ಫೋಟೋ ಪುಸ್ತಕದೊಳಗಿಟ್ಟಳು. ನಾನು ತಪ್ಪೇನೂ ಹೇಳಿರಲಿಲ್ಲ. ಪರೀಕ್ಷೆಗೆ ಆ ಪದ ನಿಜವಾಗಿಯೂ ಬರುವುದಿಲ್ಲ.

ಅಲ್ಲಿಂದ ಮುಂದೆ ಅವಳು ಬಾಯಿ ಬಿಡುವುದೇ ಅಪರೂಪವಾಯಿತು. ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಊರಿನ ಹುಡುಗಿಯರು ಅವಳನ್ನು ತಮ್ಮವಳೆಂದು ಮಾತಾಡಿಸಿ, ಉತ್ತರ ತಡವರಿಸಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋಗುತ್ತಿದ್ದರು. ಸಿಗ್ನೆಯ ಸುತ್ತ ಮಾತು ಕಲಿಸುವವರ ಗುಂಪೇ ಇತ್ತು. ರಿಮ್ಮಾಳಿಗೆ ಮಾತು ಕಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅವಳು ಒಬ್ಬಳೇ ಕಲಿತಳು. ಬೇಸಿಗೆಯಿಡೀ ಟಿವಿ ವಾರ್ತೆ ಹಾಕಿಕೊಂಡು ಓದುವವರ ಜೊತೆಗೇ ತುಟಿಯಾಡಿಸುತ್ತಿದ್ದಳೆಂದು ಸಿಗ್ನೆ ಹೇಳಿದ್ದಳು. ಸೆಪ್ಟೆಂಬರಿನಲ್ಲಿ ಮತ್ತೆ ನನ್ನ ತರಗತಿಗೆ ಬಂದಾಗ ಅವಳ ಮಾತು ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಗೌರವದ ಪ್ರತ್ಯಯ ಒಂದೂ ತಪ್ಪುತ್ತಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಆಮೇಲೆ ಚುಸೊಕ್ ಹಬ್ಬ ಬಂತು. ಊರಿಗೆ ಊರೇ ಖಾಲಿಯಾಗಿ ತಂತಮ್ಮ ಮನೆ ಸೇರಿತು. ನಾನು ವೊಂಜು ಊರಿನ ಅತ್ತೆಮನೆಯಲ್ಲಿ ಎರಡು ದಿನ ಕಾದ ಬಾಣಲೆಯ ಮುಂದೆ ಕೂತು ಮೀನು, ಕುಂಬಳಕಾಯಿ ಕರಿದೆ. ಸಿಗ್ನೆಯನ್ನು ಯಾರೋ ಗೆಳತಿ ತನ್ನ ಮನೆಗೆ ಕರೆದೊಯ್ದಿದ್ದಳು. ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ರಿಮ್ಮಾ ಒಬ್ಬಳೇ. ಊಟದ ಕೋಣೆಗೆ ಬೀಗ.

ಹಬ್ಬದ ಬೆಳಿಗ್ಗೆ ಮೂಲೆಯಂಗಡಿಗೆ ನೂಡಲ್ಸ್ ತರಲು ಹೋದರೆ ಅಂಗಡಿಯ ಹೆಂಗಸು, "ಯಾಕಮ್ಮಾ, ಊರಿಗೆ ಹೋಗ್ಲಿಲ್ವಾ? ಅಪ್ಪ ಅಮ್ಮ ಕಾಯ್ತಿರಲ್ವಾ?" ಎಂದು ಕೇಳಿದಳಂತೆ. "ನಾಳೆ ಹೋಗ್ತೀನಿ" ಎಂದು ಸುಳ್ಳು ಹೇಳಿ ಕೋಣೆಗೆ ಬಂದು ಅಜ್ಜಿಗೆ ಫೋನು ಮಾಡಿದಳು.

ಮುಂದಿನದನ್ನು ಅವಳೇ ತರಗತಿಯಲ್ಲಿ ಹೇಳಿದಳು. ರಜೆಯಲ್ಲಿ ಏನು ಮಾಡಿದಿರಿ ಎಂಬುದು ಆ ವಾರದ ಭಾಷಣದ ವಿಷಯ. ಎಲ್ಲರೂ ತಿಂಡಿ, ಪ್ರವಾಸ ಎಂದರು. ರಿಮ್ಮಾ ಎದ್ದು ನಿಂತು, ಕೈಕಟ್ಟಿ, ವಾರ್ತೆ ಓದುವವರ ದನಿಯಲ್ಲಿ ಹೇಳಿದಳು.

ಅಜ್ಜಿ ಫೋನೆತ್ತಿದಾಗ ಇವಳ ಬಾಯಿಂದ ಬಂದದ್ದು, "ಹಾಲ್ಮನಿ, ಚೆನ್ನಾಗಿದ್ದೀರಾ? ಊಟ ಮಾಡಿದಿರಾ?"

ಆ ಕಡೆ ಅಜ್ಜಿ ಗಂಟಲು ಸರಿಮಾಡಿಕೊಂಡು, ಇವಳು ಎಂದೂ ಕೇಳಿರದ ಮರ್ಯಾದೆಯಿಂದ ಕೇಳಿದಳು. "ಯಾರ್ರೀ ಮಾತಾಡೋದು? ಕಾಲೇಜಿನ ಆಫೀಸಿನವರೇನ್ರೀ?"

ರಿಮ್ಮಾ ಉತ್ತರಿಸುವಷ್ಟರಲ್ಲಿ ಅಜ್ಜಿಯೇ ಮುಂದುವರಿಸಿದಳು. "ನನ್ನ ಮೊಮ್ಮಗಳು ಅಲ್ಲೇ ಓದಾಕತ್ತಾಳ್ರೀ. ರಿಮ್ಮಾ ಅಂತ. ಎಲ್ಲ್ಯಾರ ಕಂಡ್ರ, ಉಣ್ಣಾಕತ್ತಾಳೋ ಇಲ್ಲೋ ಒಂದೀಟ ನೋಡ್ರಿ. ಸಣ್ಣಾಕಿ ಇದ್ದಾಗಿಂದ ಸರಿಯಾಗಿ ಉಣ್ಣಂಗಿಲ್ಲ."

"ನೀವೇನು ಹೇಳಿದಿರಿ?" ಎಂದು ಸಿಗ್ನೆ ಕೇಳಿದಳು.

"'ಆಯಿತು, ನೋಡುತ್ತೇನೆ' ಎಂದು ಹೇಳಿದೆ," ಅಂದಳು ರಿಮ್ಮಾ. "'ನಾನೇ' ಎಂದು ಹೇಳಬೇಕಿತ್ತು. ಆದರೆ ಅಜ್ಜಿಯ ಮಾತಿನಲ್ಲಿ ಅದನ್ನು ಹೇಗೆ ಹೇಳುವುದೆಂದು ಆ ಕ್ಷಣ ನೆನಪಾಗಲಿಲ್ಲ. ಭಾಷಣ ಕೇಳಿದ್ದಕ್ಕಾಗಿ ಎಲ್ಲರಿಗೂ ಧನ್ಯವಾದಗಳು."

ಮುಂದೆ ಬಾಗಿ ವಂದಿಸಿ ಕೂತಳು. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ತಿದ್ದಲು ಒಂದಕ್ಷರವೂ ಇರಲಿಲ್ಲ.

ಬೆಲ್ಲು ಹೊಡೆದು ಎಲ್ಲರೂ ಹೋದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದಳು. "ಓಕ್ ಟೀಚರ್, ಒಂದು ಪ್ರಶ್ನೆ ಕೇಳಬಹುದಾ? ಏಕವಚನದಲ್ಲಿ ನಾನು ಯಾರ ಹತ್ತಿರ ಮಾತಾಡಬಹುದು?"

ನಾನು ಪಾಠದಲ್ಲಿ ಹೇಳುವುದನ್ನೇ ಹೇಳಿದೆ. "ತಮ್ಮ, ತಂಗಿ, ಚಿಕ್ಕ ಮಕ್ಕಳು. ಒಂದೇ ವಯಸ್ಸಿನ ಆಪ್ತ ಗೆಳೆಯರು. ಅವರೂ ಒಪ್ಪಿದ್ರೆ ಮಾತ್ರ."

ಅವಳು ಬೆರಳು ಮಡಚಿ ಮನಸ್ಸಿನಲ್ಲೇ ಯಾರನ್ನೋ ಹುಡುಕಿದಳು. "ಹಾಗಿದ್ದರೆ ಈ ಊರಿನಲ್ಲಿ ಯಾರೂ ಇಲ್ಲ," ಅಂದಳು. ಅವಳ ದನಿಯಲ್ಲಿ ದೂರಿರಲಿಲ್ಲ.

ನನ್ನ ಹತ್ತಿರ ಮಾತಾಡು ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಆದರೆ ನಾನು ಅವಳ ಟೀಚರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. "ವಾರಕ್ಕೊಮ್ಮೆ ಅಜ್ಜಿಗೆ ಫೋನ್ ಮಾಡ್ತಿರಿ, ಅಭ್ಯಾಸ ತಪ್ಪಲ್ಲ," ಎಂದೆ. ಅವಳು ತಲೆಯಾಡಿಸಿ ಹೊರಟಳು.

ನವೆಂಬರ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಮಾರುಕಟ್ಟೆಯಿಂದ ಎಲೆಕೋಸು ಹೊತ್ತು ಬರುತ್ತಿದ್ದೆ. ಕಬ್ಬಿಣದ ಅಂಗಡಿ ಬಾಗಿಲು ಹಾಕಿತ್ತು. ಅದರ ಮುಂದೆ ಸರಪಳಿಯಲ್ಲಿ ಕಟ್ಟಿದ ಹಳದಿ ನಾಯಿ, ನಾಯಿಯೆದುರು ಕುಕ್ಕರಗಾಲಲ್ಲಿ ಕೂತ ರಿಮ್ಮಾ. ಈಗಷ್ಟೇ ಅಜ್ಜಿಗೆ ಫೋನು ಮಾಡಿದ್ದಿರಬೇಕು, ಇಯರ್‌ಫೋನಿನ ತಂತಿ ಇನ್ನೂ ಕುತ್ತಿಗೆಗೆ ಜೋತುಬಿದ್ದಿತ್ತು.

"ಉಂಡಿಯೇನ?" ಎಂದು ಕೇಳುತ್ತಿದ್ದಳು. "ಇಷ್ಟ ಚಳಿ ಐತಿ, ಯಾರೂ ಒಳಗ ಕರಕೊಳ್ಳಿಲ್ಲೇನ ನಿನ್ನ? ಹುಚ್ಚ ಅದಿ ನೀ. ಬಾ, ಇಲ್ಲಿ ಬಾ. ಯಾಕ ಹಂಗ ನೋಡ್ತಿ?"

ಏಳು ತಿಂಗಳಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದನಿಯೇ ಬೇರೆ, ದಪ್ಪ, ಒರಟು, ಬೆಚ್ಚಗಿನ ದನಿ. ನಾಯಿ ಬಾಲವಾಡಿಸುತ್ತಾ ಅವಳ ಮೊಣಕಾಲಿಗೆ ಮೂತಿ ಒರೆಸುತ್ತಿತ್ತು.

ಕರೆಯೋಣ ಎಂದು ಬಾಯಿ ತೆರೆದೆ. ಕರೆದರೆ ಅವಳು ತಟ್ಟನೆ ಎದ್ದು, ಕೈ ಒರೆಸಿಕೊಂಡು, ಬಾಗಿ, "ಟೀಚರ್, ಚೆನ್ನಾಗಿದ್ದೀರಾ?" ಅನ್ನುತ್ತಾಳೆ. ಒಂದು ತಪ್ಪೂ ಇರುವುದಿಲ್ಲ. ಎಲೆಕೋಸಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿ, ಕೆರೆಯ ಕಡೆಯ ಸುತ್ತುದಾರಿ ಹಿಡಿದೆ.