ಕೆಂಪು ಹಗ್ಗದ ಹಸುಗಳು

"ಒಂದಾದ್ರೂ ಇಡುದಲ್ವಾ ಕಮಲಕ್ಕ? ಒಂದೇ ಒಂದು?"

ಪಶುವೈದ್ಯ ಸರ್ವೋತ್ತಮ ರೈಗಳು ಹಸುವಿನ ಕಿವಿ ಮಗುಚಿ ನೋಡಿದರು, ಬಾಲ ಎತ್ತಿ ನೋಡಿದರು, ಕೆಚ್ಚಲಿನ ಸಂದಿಗೆ ಟಾರ್ಚು ಬಿಟ್ಟು ನೋಡಿದರು. ಊಹೂಂ, ಮದ್ದಿಗೆ ಬೇಕೆಂದರೂ ರಕ್ತ ಹೀರುವ ಒಂದು ಉಣ್ಣಿ, ಒಂದು ಉಣುಗು ಇಲ್ಲ. ಕೊರಳಿಗೆ ಕೆಂಪು ಹಗ್ಗ ಕಟ್ಟಿದ ನಾಲ್ಕು ಹಸುಗಳೂ ಮಿಂದು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ಗೊಂಡೆ ಹೂವಿನ ಮಾಲೆ ಹಾಕಿಕೊಂಡು ಮದುಮಗಳಂದಿರ ಹಾಗೆ ನಿಂತಿದ್ದವು. ದೀಪಾವಳಿಯ ಗೋಪೂಜೆ ಕಳೆದು ಎರಡು ತಿಂಗಳ ಮೇಲಾಗಿತ್ತು.

"ನಿನ್ನೆ ಇಡೀ ದಿನ ಕೂತು ತೆಗೆದದ್ದು ಡಾಕ್ಟ್ರೆ," ಎಂದಳು ಕಮಲಾವತಿ, ಹೊಗಳಿಕೆಗೆ ಕಾಯುವ ಮುಖ ಮಾಡಿಕೊಂಡು. "ನಾನೂ ಪಕ್ಕದ ಮನೆಯ ಲೋಲಾಕ್ಷಿಯೂ. ಎಲ್ಲ ಬಚ್ಚಲೊಲೆಗೆ ಹಾಕಿ ಸುಟ್ಟೆವು. ಬೊಂಬಾಯಿಯಿಂದ ಅಷ್ಟು ದೊಡ್ಡವರು ಬರುವಾಗ ಹಸುವಿನ ಮೈಯಲ್ಲಿ ಉಣುಗು ಇದ್ರೆ ಮರ್ಯಾದೆಯಾ?"

ರೈಗಳು ಹಾಲು ಕರೆಯುವ ಮಣೆಯ ಮೇಲೆ ತಲೆಗೆ ಕೈಕೊಟ್ಟು ಕುಳಿತುಬಿಟ್ಟರು. ಬರುವವರು ನೋಡಬೇಕಾಗಿದ್ದದ್ದೇ ಉಣುಗನ್ನು!

ಆಲೆಟ್ಟಿ ಊರಿನ ದನದ ಹಟ್ಟಿಗಳಲ್ಲಿ ವರ್ಷಾ ವರ್ಷಾ ಹಸುಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಕಾಡಂಚಿನಲ್ಲಿ ಹುಲ್ಲು ಕೊಯ್ದವರು ಹತ್ತು ಹನ್ನೆರಡು ದಿನ ಜ್ವರದಲ್ಲಿ ಬಿದ್ದುಕೊಳ್ಳುತ್ತಿದ್ದರು. ಎರಡಕ್ಕೂ ಉಣುಗೇ ಮೂಲ ಎಂದು ರೈಗಳ ಗುಮಾನಿ. ಮೂರು ವರ್ಷ ಮೇಲಿನವರಿಗೆ ಬರೆದರು. ಮೂರು ವರ್ಷವೂ ಪರಿಶೀಲಿಸಲಾಗುವುದು ಎಂಬ ಉತ್ತರವೇ ಬಂತು. ಕೊನೆಗೆ, ಬೊಂಬಾಯಿಯಲ್ಲಿ ಹೋಟೆಲಿಟ್ಟು ಬೆಳೆದ ದುಗ್ಗಪ್ಪ ಶೆಟ್ಟರು ಯಾರಿಗೂ ಬೇಡದ ಕಾಯಿಲೆಗಳಿಗೆಂದೇ ಒಂದು ಧರ್ಮನಿಧಿ ಇಟ್ಟಿದ್ದಾರೆಂದು ತಿಳಿದು ಅವರಿಗೆ ಬರೆದರು. ಶೆಟ್ಟರು ಒಂದು ವರ್ಷಕ್ಕೆ ಹಣ ಕೊಟ್ಟರು. ಮುಂದೆಯೂ ಕೊಡುವುದೋ ಬೇಡವೋ ಎಂದು ಕಣ್ಣಾರೆ ನೋಡಲಿಕ್ಕೆ ಇವತ್ತು ಅವರೇ ಬರುವವರಿದ್ದರು.

ಕೆಂಪು ಹಗ್ಗದ ಹಸುಗಳ ಉಣುಗು ತೆಗೆಯಬಾರದು, ಯಾವ ವಾರ ಎಷ್ಟು ಹತ್ತಿದವು, ಜ್ವರ ಯಾವಾಗ ಬಂತು ಎಂದು ನೋಡಬೇಕು, ಜ್ವರ ಬಂದ ದಿನವೇ ಸೂಜಿ ಹಾಕಬೇಕು. ಕೆಲಸ ಇಷ್ಟೇ. ಊರಿನಲ್ಲಿ ಯಾರೂ ಹಸು ಕೊಡಲು ಒಪ್ಪದಾಗ, "ನನ್ನ ಹಟ್ಟಿಯಲ್ಲಿ ಮಾಡಿ" ಎಂದವಳು ಕಮಲಾವತಿಯೇ. ಅದರ ಹಿಂದಿನ ಮಳೆಗಾಲದಲ್ಲಿ ಅವಳ ಹಸು ಕಪಿಲೆ ಅವಳ ತೊಡೆಯ ಮೇಲೆಯೇ ತಲೆಯಿಟ್ಟು ಸತ್ತಿತ್ತು. ಗಂಡ ಬೆಳ್ಯಪ್ಪ ಗೌಡ ಹುಲ್ಲು ಕೊಯ್ದವರ ಆ ಜ್ವರದಲ್ಲಿ ಬಿದ್ದು ಹೇಗೋ ಉಳಿದುಕೊಂಡಿದ್ದ. ಇದರ ಬುಡ ಸಿಗಬೇಕೆಂಬ ಹಟ ಅವಳಿಗೆ ಡಾಕ್ಟರರಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಆದರೂ ನೆಂಟರು ಬರುತ್ತಾರೆಂದಾಗ ಹೆಂಗಸಿನ ಕೈ ಕೇಳುತ್ತದೆಯೇ!

ಹನ್ನೊಂದು ಗಂಟೆಗೆ ಕಾರು ಬಂತು. ಬಿಳಿ ಪ್ಯಾಂಟು, ಬಿಳಿ ಅಂಗಿ, ಬೋಳು ತಲೆ. ಶೆಟ್ಟರು ಬೆಲ್ಲ ನೀರು ಕುಡಿದವರೇ ನೇರ ಹಟ್ಟಿಗೆ ನಡೆದರು. ನಾಲ್ಕು ಹಸುಗಳನ್ನೂ ಸುತ್ತಿ ಬಂದರು.

"ಲಾಯ್ಕುಂಟು ಮಾರಾಯ್ರೆ. ಹಸು ಸಾಕಿದ್ರೆ ಹೀಗೆ ಸಾಕ್ಬೇಕು," ಎಂದರು. ಆಮೇಲೆ ರೈಗಳ ಕಡೆ ತಿರುಗಿದರು. "ಆದ್ರೆ ಇಲ್ಲಿ ನನ್ನ ದುಡ್ಡಿಗೆ ಎಂತ ಕೆಲಸ?"

"ಮೊನ್ನೆವರೆಗೂ ಇತ್ತು ಶೆಟ್ರೆ," ಎಂದರು ರೈಗಳು. ಕಮಲಾವತಿಯ ಹೆಸರು ಅವರ ಬಾಯಿಂದ ಬರಲಿಲ್ಲ.

"ಮೊನ್ನೆವರೆಗೆ ಇತ್ತು ಅಂತ ಹೇಳಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ." ಶೆಟ್ಟರು ಗಡಿಯಾರ ನೋಡಿಕೊಂಡರು. "ಮೂರು ಗಂಟೆಗೆ ನಾನು ಪುತ್ತೂರಿನಲ್ಲಿರಬೇಕು."

ಬಾಗಿಲ ಮರೆಯಲ್ಲಿ ನಿಂತು ಕಮಲಾವತಿ ಎಲ್ಲ ಕೇಳಿಸಿಕೊಂಡಳು. ಪರ ಗಂಡಸರೆದುರು ನಿಂತು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಇವತ್ತು ಬಾಯಿ ಮುಚ್ಚಿಕೊಂಡರೆ ಕಪಿಲೆ ಸುಮ್ಮನೆ ಸತ್ತ ಹಾಗೆ ಎಂದುಕೊಂಡಳು, ಸೀದಾ ಅಂಗಳಕ್ಕೆ ಬಂದಳು.

"ತಪ್ಪು ಡಾಕ್ಟ್ರದ್ದಲ್ಲ, ನಂದು. ನೀವು ಬರ್ತೀರಿ ಅಂತ ನಾನೇ ಎಲ್ಲ ಹೆಕ್ಕಿ ಸುಟ್ಟದ್ದು. ಉಣುಗು ನೋಡ್ಬೇಕಲ್ವಾ ನಿಮಗೆ? ಬನ್ನಿ."

ಬೆಳ್ಯಪ್ಪ ಗೌಡನ ಹೆಗಲ ಮೇಲಿದ್ದ ಹೊಸ ಬಿಳಿ ಬೈರಾಸು ವಸ್ತ್ರವನ್ನು ಸೆಳೆದುಕೊಂಡು ಹೊರಟೇಬಿಟ್ಟಳು. "ಏ, ಅದು ಇವತ್ತು ಮಡಿಕೆ ಬಿಚ್ಚಿದ್ದು ಮಾರಾಯ್ತಿ!" ಎಂದು ಗೌಡ ಹಿಂದಿನಿಂದ ಕೂಗಿದ. ಯಾರಿಗೆ ಕೇಳುತ್ತದೆ? ಡಾಕ್ಟರು, ಶೆಟ್ಟರು, ಗೌಡ ಮೂವರೂ ಅವಳ ಹಿಂದೆ ಗುಡ್ಡೆ ಹತ್ತಿದರು.

ಕಾಡು ಶುರುವಾಗುವಲ್ಲಿ ಮೊಣಕಾಲೆತ್ತರದ ಹುಲ್ಲಿತ್ತು. ಕಮಲಾವತಿ ಬೈರಾಸನ್ನು ಅಗಲವಾಗಿ ಹಿಡಿದು, ಹುಲ್ಲಿನ ತುದಿಗೆ ತಾಗಿಸಿಕೊಂಡು ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋದಳು, ಹಿಂದೆ ಬಂದಳು. "ಹುಲ್ಲಿಗೆ ಬಂದಾಗ ಬಟ್ಟೆ ಕೆಳಗಿಟ್ರೆ ಹತ್ತಿಕೊಳ್ತಾವೆ. ದಿನಾ ಕೊಡವಿ ಕೊಡವಿ ನಂಗೆ ಸಾಕಾಗಿದೆ," ಎನ್ನುತ್ತ ಬೈರಾಸನ್ನು ಬಂಡೆಯ ಮೇಲೆ ಹರಡಿದಳು.

ಎಳ್ಳು ಚೆಲ್ಲಿದ ಹಾಗಿತ್ತು. ಎಳ್ಳು ನಡೆಯುತ್ತಿತ್ತು.

"ಇದನ್ನು ನನಗೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕಮಲಕ್ಕ?" ಎಂದರು ರೈಗಳು, ಕಿಸೆಯಲ್ಲಿದ್ದ ಸೀಸೆಗಾಗಿ ತಡಕಾಡುತ್ತ.

"ನೀವು ಕೇಳ್ಲಿಲ್ಲ."

ಶೆಟ್ಟರು ಬಿಳಿ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಕಡಬದ ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಒಂದೇ ವಾರದಲ್ಲಿ ಹೋದವು," ಎಂದರು. "ಎಲ್ಲಾ ಕೆಂಪು ಮೂತ್ರ. ಆಮೇಲೆ ನಾನು ಹೋಟೆಲಿನಲ್ಲಿ ಗ್ಲಾಸು ತೊಳೀಲಿಕ್ಕೆ ಬೊಂಬಾಯಿಗೆ ಹೋದದ್ದು. ಆಸ್ಪತ್ರೆ ಕಟ್ಟಿಸಿ, ಕಲ್ಲಿನಲ್ಲಿ ಹೆಸರು ಬರ್ತದೆ ಅಂತಾರೆ ನನ್ನ ಮಕ್ಕಳು. ಉಣುಗಿಗೆ ಕೊಡ್ತೇನೆ ಅಂದ್ರೆ ನಗ್ತಾರೆ." ಅಷ್ಟರಲ್ಲಿ ಕಾಲಿನ ಮೇಲೆ ಹರಿಯುತ್ತಿದ್ದ ಒಂದನ್ನು ಕಂಡು ಅವರೇ ನಕ್ಕುಬಿಟ್ಟರು. "ಡಾಕ್ಟ್ರೆ, ಇದೂ ನಿಮ್ಮ ಲೆಕ್ಕಕ್ಕೆ!"

ಮೂರು ಗಂಟೆಗೆ ಶೆಟ್ಟರು ಪುತ್ತೂರಿನಲ್ಲಿರಲಿಲ್ಲ. ಕಮಲಾವತಿಯ ಮನೆಯಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದರು: "ಇನ್ನು ಎರಡು ವರ್ಷಕ್ಕೆ ಕೊಡ್ತೇನೆ. ಆದ್ರೆ ಡಾಕ್ಟ್ರ ಮಾತು ನಂಗೆ ಬೇಡ, ನಿಮ್ಮ ಮಾತು ಬೇಕು ಅಕ್ಕ. ಯಾರೇ ಬರ್ಲಿ, ಈ ನಾಲ್ಕು ಹಸುವಿನ ಉಣುಗು ಮುಟ್ಲಿಕ್ಕಿಲ್ಲ."

"ಮುಟ್ಟುದಿಲ್ಲ," ಎಂದಳು ಕಮಲಾವತಿ. ಹೇಳುವಷ್ಟು ಸುಲಭವಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು.

ಹದಿನೈದು ದಿನ ಕಳೆದು ನೆಲ್ಯಾಡಿಯಿಂದ ನಾದಿನಿ ಬಂದಳು. ಇವಳು ಮಾಡಿದ ಸಾರಿನಲ್ಲಿ ಉಪ್ಪು ಹುಡುಕಲಿಕ್ಕೆಂದೇ ಬರುವವಳು. ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಹಟ್ಟಿಯ ಬಾಗಿಲಿಗೆ ಬಂದು ನಿಂತವಳು ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯಯ್ಯೋ ಅತ್ತಿಗೆ! ಹಸುವಿನ ತೊಡೆ ಸಂದಿಯಲ್ಲಿ ಎಷ್ಟು ದೊಡ್ಡ ಉಣುಗು! ಈ ಮನೆಯಲ್ಲಿ ಹಟ್ಟಿ ನೋಡುವವರು ಯಾರೂ ಇಲ್ವಾ?"

ಕಮಲಾವತಿಯ ಕಿವಿ ಬಿಸಿಯಾಯಿತು. ಕೆಚ್ಚಲಿನಲ್ಲಿದ್ದ ಕೈ ತಾನಾಗಿಯೇ ಆ ಸಂದಿಯ ಕಡೆಗೆ ಹೋಯಿತು. ಬೆರಳುಗಳು ಉಣುಗಿನ ಹತ್ತಿರ ಒಂದು ಗಳಿಗೆ ನಿಂತವು. ಆಮೇಲೆ ಹಸುವಿನ ಹೊಟ್ಟೆಯನ್ನು ಮೆಲ್ಲಗೆ ಸವರಿ, ಕೈಯನ್ನು ಹಿಂದಕ್ಕೆ ತಂದಳು.

"ಬಾಲದ ಹತ್ರ ಇನ್ನೆರಡು ಉಂಟು, ನೋಡು," ಎಂದು ಹೇಳಿ ಹಾಲು ಕರೆಯತೊಡಗಿದಳು.