ಸಾರಕ್ಕಿಯ ಮಡಿಲಕ್ಕಿ

ನಮ್ಮ ಓನರ್ ಅಜ್ಜಿ ಮುನಿವೆಂಕಟಮ್ಮನಿಗೆ ಬರ್ಮಾ ಅಂದರೆ ಮೊದಲು ಗೊತ್ತಿದ್ದದ್ದು ಒಂದು ಬಾಗಿಲು ಮಾತ್ರ. ಸಾರಕ್ಕಿಯಲ್ಲಿದ್ದ ಅವರ ಹಳೇ ಮನೆಯ ತಲೆಬಾಗಿಲು ಬರ್ಮಾ ತೇಗದ್ದು. ಮನೆ ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸುವಾಗ ಅದನ್ನು ಜೋಪಾನವಾಗಿ ಕಿತ್ತಿಟ್ಟು ಮತ್ತೆ ಕೂರಿಸಿದ್ದರು. ನನ್ನ ರೂಮ್‌ಮೇಟ್ ಸುಯಿ ಬರ್ಮಾದವಳು ಅಂತ ತಿಳಿದ ದಿನ ಅಜ್ಜಿ ಅವಳ ಕೈ ಹಿಡಿದು ಬಾಗಿಲ ಹತ್ತಿರ ಕರೆದೊಯ್ದಳು. "ನೋಡವ್ವ, ನಿಮ್ಮೂರ್ ಮರ." ಸುಯಿ ಬಾಗಿಲಿಗೆ ಕೆನ್ನೆ ಒತ್ತಿ ಅಲ್ಲೇ ನಿಂತುಬಿಟ್ಟಳು. ಕೆಲಸಕ್ಕೆ ತಡವಾಗುತ್ತಿತ್ತು. ಮರಾನ ಮುದ್ದು ಮಾಡೋದನ್ನ ಸಂಜೆಗೆ ಇಟ್ಕೋಬಾರದಾ ಅಂತ ನನಗೆ ಸಿಟ್ಟು ಬಂತು.

ನಾನು ಅನ್ನಪೂರ್ಣ, ಸಿಂದಗಿ ಕಡೆಯವಳು. ನಾವಿಬ್ಬರೂ ಜೆ.ಪಿ. ನಗರದ ಒಂದು ಪಾರ್ಲರಿನಲ್ಲಿ ಕೆಲಸಕ್ಕಿದ್ದೆವು. ಅಜ್ಜಿಯ ತಾರಸಿ ಮೇಲಿನ ರೂಮೇ ನಮ್ಮ ಅರಮನೆ. ಸುಯಿಯ ಗಂಡನ ಹೆಸರು ಬಾವಿ, ಅವರ ಗುಡ್ಡದೂರಿನಲ್ಲಿ ಶಾಲಾ ಮೇಷ್ಟ್ರು. ಮಿಲಿಟರಿ ಜನರಲ್‌ಗಳು ಸರ್ಕಾರವನ್ನೇ ಕಿತ್ತುಕೊಂಡಾಗ ಅವನು ಸೀಮೆಸುಣ್ಣ ಬಿಟ್ಟು ಕಾಡಿಗೆ ಹೋಗಿ ಬಂಡಾಯದ ಸೈನ್ಯ ಸೇರಿದ. ಆಗ ಅವರ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸುಯಿ ಗಡಿ ದಾಟಿ ಮಿಜೋರಾಮಿಗೆ ಬಂದು, ಅಲ್ಲಿಂದ ಯಾರದೋ ಬೆನ್ನು ಹಿಡಿದು ಬೆಂಗಳೂರಿಗೆ ಬಂದಳು. ಹೊರಡುವಾಗ ಗಂಡ ಹೇಳಿದ್ದು ಒಂದೇ ಮಾತು: ನಮ್ಮ ಊರು ನಮ್ಮ ಕೈಗೆ ಬಂದ ದಿನ ಕರೆಸಿಕೊಳ್ಳುತ್ತೇನೆ. ಅವಳು ಆ ಮಾತಿನ ಮೇಲೇ ಬದುಕುತ್ತಿದ್ದಳು.

ದಿನಾ ಸಂಜೆ ಅಜ್ಜಿ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕೂತಿರುತ್ತಿದ್ದಳು. ನಮ್ಮನ್ನು ಕಂಡ ಕೂಡಲೇ ಪ್ರಶ್ನೆ.

"ಎಲ್ಲೀಗಂಟ ಬಂತವ್ವ ನಿನ್ ಗಂಡನ್ ದಂಡು?"

ಸುಯಿ ಫೋನಿನಲ್ಲಿ ನಕ್ಷೆ ತೆಗೆದು ತೋರಿಸುತ್ತಿದ್ದಳು. ಹಸಿರು ಬಾವಿಯ ಕಡೆಯವರದು, ಕೆಂಪು ಮಿಲಿಟರಿಯದು. ಹಸಿರು ಒಂದು ಸಂಜೆ ಹಿಗ್ಗುತ್ತಿತ್ತು, ಮರುವಾರ ಕುಗ್ಗುತ್ತಿತ್ತು. ಅಜ್ಜಿಗೆ ನಕ್ಷೆ ಗಿಕ್ಷೆ ಬೇಡ. "ಉಣ್ಣಕ್ಕೇನ್ ಮಾಡ್ತಾರೆ? ಗಂಡಸ್ರೆಲ್ಲ ಬಂದೂಕ ಹಿಡ್ಕೊಂಡ್ರೆ ಗದ್ದೆ ಯಾರ್ ಉಳ್ತಾರೆ?" ಇಂಥವೇ ಅವಳ ಪ್ರಶ್ನೆಗಳು.

ಒಮ್ಮೆ ಬಾವಿ ವಿಡಿಯೊ ಕಾಲಿನಲ್ಲಿ ಸಿಕ್ಕಾಗ ಅಜ್ಜಿ ಫೋನನ್ನೇ ಕಸಿದುಕೊಂಡಳು. ಯಾಕೆ ಬಡಿದಾಡ್ತೀಯಪ್ಪ ಅಂತ ನೇರವಾಗಿ ಕೇಳಿದಳು. ಅವನು ಹೇಳಿದ್ದನ್ನು ಸುಯಿ ತನ್ನ ಪಾರ್ಲರ್ ಕನ್ನಡಕ್ಕೆ ತಿರುಗಿಸಿದಳು. "ಜನರಲ್‌ಗಳು ಬ್ಯಾರಕ್‌ಗೆ ವಾಪಸ್ ಹೋಗ್ಬೇಕು. ನಮ್ ಗುಡ್ಡ ನಾವೇ ನೋಡ್ಕೋಬೇಕು. ಬೇರೆ ದೇಶ ಬೇಡ ಅಜ್ಜಿ, ಇರೋ ದೇಶದಲ್ಲಿ ಸಮ ಪಾಲು ಬೇಕು."

"ಅದ್ಸರಿ. ಗೆದ್ಮೇಲೆ ಜಮೀನೇನ್ ಮಾಡ್ತೀರ? ಲೇಔಟ್ ಮಾಡ್ತೀರಾ?"

ನಾನು ಬಿದ್ದು ಬಿದ್ದು ನಕ್ಕೆ. ಸುಯಿ ಲೇಔಟ್ ಅಂದರೇನು ಅಂತ ಗಂಡನಿಗೆ ವಿವರಿಸುವಷ್ಟರಲ್ಲಿ ಸುಸ್ತಾದಳು. ಅಜ್ಜಿ ಮಾತ್ರ ನಗಲಿಲ್ಲ. ಕೆರೆಯ ಕೆಳಗೆ ಅವರ ಗದ್ದೆ ಇತ್ತಂತೆ. ಅದು ಲೇಔಟ್ ಆಗಿ ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಕೈತುಂಬ ಬಾಡಿಗೆ ಬಂದರೂ ಅಜ್ಜಿ ಆ ರಸ್ತೆಯಲ್ಲಿ ಓಡಾಡುವುದಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಸುಯಿಯ ಊರು ಬಾವಿಯ ದಂಡಿನ ಕೈಗೆ ಸಿಕ್ಕಿತು. ಪಾರ್ಲರಿನಲ್ಲಿ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದ ಸುಯಿ ಫೋನು ನೋಡಿ ನಿಂತಲ್ಲೇ ಅತ್ತಳು. ಅವರ ಚರ್ಚಿನ ಮುಂದೆ ಹುಡುಗರು ಬಾವುಟ ಏರಿಸುವ ವಿಡಿಯೊ ಅದು. ಬಾವಿ ಕಾಣಿಸಲಿಲ್ಲ, ಆದರೆ ಅವಳು ಅವನ ಶಾಲೆಯ ಗೋಡೆ ಗುರುತಿಸಿದಳು.

ಅಜ್ಜಿ ಸುದ್ದಿ ಕೇಳಿದ್ದೇ ತಡ, ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು. ನಾಳೆ ಮಂಗಳವಾರ, ಹೆಣ್ಣುಮಕ್ಕಳ ಶುಭಕ್ಕೆ ಆಗದ ದಿನ, ಮಡಿಲು ಈಗಲೇ ತುಂಬಬೇಕು ಅಂತ ಹಟ. "ಟಿಕೆಟ್ ಇಲ್ಲ, ಏನಿಲ್ಲ, ಏನ್ ಅವಸರಾ ಆಗೇತ್ರಿ ಅಜ್ಜಿ?" ಅಂದೆ. "ನೀನ್ ಸುಮ್ಕಿರವ್ವ" ಅಂದಳು. ಸುಯಿಯನ್ನು ಮಣೆ ಮೇಲೆ ಕೂರಿಸಿ, ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಎಲ್ಲ ಹಾಕಿದಳು. ಅವಳು ಉಟ್ಟಿದ್ದ ಸೀರೆ ನನ್ನದೇ.

"ಅಂಗ್ಡಿ ಅಕ್ಕಿ ಕಣವ್ವ, ಬೇಜಾರ್ ಮಾಡ್ಕೋಬ್ಯಾಡ. ನಮ್ ಗದ್ದೆ ಇದ್ದಿದ್ರೆ..." ಅಜ್ಜಿ ಅಲ್ಲಿಗೇ ನಿಲ್ಲಿಸಿ ಮೂಗು ಒರೆಸಿಕೊಂಡಳು. ಆಮೇಲೆ ನಿಯಮ ಹೇಳಿಕೊಟ್ಟಳು. ಹೊರಡೋ ಹೊತ್ತಿಗೆ ಮೂರು ಹಿಡಿ ಅಕ್ಕಿ ತವರಿಗೇ ವಾಪಸ್ ಹಾಕಬೇಕು. ಮಿಕ್ಕಿದ್ದು ಗಂಡನ ಮನೆಯಲ್ಲೇ ಬೇಯಬೇಕು, ನಡುವೆ ಎಲ್ಲೂ ಬೇಯಿಸುವ ಹಾಗಿಲ್ಲ. ಮಡಿಲು ತುಂಬಿಸಿಕೊಂಡ ಮೇಲೆ ಹೊಸಿಲು ದಾಟಲೇಬೇಕು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನನಗೆ ಯಾರೂ ಹೀಗೆ ಉಡಿ ತುಂಬಿ ಎಷ್ಟೋ ವರ್ಷವಾಗಿತ್ತು.

ಮಂಗಳವಾರ ಬೆಳಿಗ್ಗೆ ಬಾವಿಯ ಫೋನು ಬಂತು. ಹಿಂದೆ ಮುರಿದ ಚಾವಣಿ ಕಾಣುತ್ತಿತ್ತು, ಅವನ ಮುಖವೆಲ್ಲ ಧೂಳು. ಮಾತು ಮುಗಿಯುವ ಮೊದಲೇ ಸುಯಿಯ ಮುಖ ಇಳಿದುಹೋಯಿತು. ಬೆಳಗಿನ ಜಾವ ವಿಮಾನಗಳು ಬಂದು ಸಂತೆಬೀದಿಗೆ ಬಾಂಬು ಹಾಕಿದ್ದವು. ಬರಬೇಡ ಅಂದಿದ್ದ.

ಅಜ್ಜಿ ಫೋನು ಕಿತ್ತುಕೊಂಡಳು. "ಊರು ಸಿಕ್ತಲ್ಲಪ್ಪ, ಇನ್ನೇನ್ ಬೇಕು? ಬಂದೂಕ ಕೆಳಗಿಟ್ಟು ಮನೇಗ್ ಬಾ."

ಸುಯಿ ತಡವರಿಸುತ್ತ ಅನುವಾದಿಸಿದಳು. "ಊರು ಸಿಕ್ತು ಅಂತೆ ಅಜ್ಜಿ. ಮೇಲಿನ ಆಕಾಶ ಸಿಕ್ಕಿಲ್ಲ ಅಂತೆ. ವಿಮಾನ ಏಳೋ ಜಾಗ ಹಿಡಿಯೋ ತನಕ ಮುಂದೆ ಹೋಗ್ತಾನೇ ಇರ್ಬೇಕು. ಗೆಲ್ತೀವಿ ಅಂತಾರೆ. ಯಾವಾಗ ಅಂತ ಗೊತ್ತಿಲ್ಲ ಅಂತಾರೆ."

ಕಾಲ್ ಕಟ್ಟಾಗುವ ಮುಂಚೆ ಬಾವಿ ಇನ್ನೊಂದು ಮಾತು ಹೇಳಿದ. ಲೇಔಟ್ ವಿಷಯವನ್ನು ಕಮಾಂಡರ್ ಹತ್ತಿರ ಕೇಳಿದನಂತೆ. ಮೊದಲು ಎಲ್ಲರೂ ನಕ್ಕರಂತೆ, ಆಮೇಲೆ ಬಹಳ ಹೊತ್ತು ಅದನ್ನೇ ಮಾತಾಡಿದರಂತೆ.

ಸುಯಿ ಅವತ್ತೆಲ್ಲ ಬಾಗಿಲಿಗೆ ಒರಗಿ ಕೂತಿದ್ದಳು. ಸಂಜೆ ಎದ್ದು ಬಟ್ಟೆ ಜೋಡಿಸತೊಡಗಿದಳು. ನಾನು ಬೈದೆ. "ಹುಚ್ಚು ಹಿಡದೈತೇನ ನಿನಗ? ಬ್ಯಾಡ ಅಂದಾನಲ್ಲ ಅವ!"

"ಊರು ಬಂದ ದಿನ ಅಂದಿದ್ರು ಅಕ್ಕ. ಊರು ಬಂತು," ಅಂದಳು. "ಪೂರ್ತಿ ಗೆಲ್ಲೋ ತನಕ ಕಾದ್ರೆ ನಾನು ಮುದುಕಿ. ಅಜ್ಜಿನೂ ಹೇಳಿದ್ರಲ್ಲ, ಮಡಿಲು ತುಂಬಿದ್ರೆ ಹೊಸಿಲು ದಾಟ್ಬೇಕು."

ಅಜ್ಜಿಯ ಮುಖ ನೋಡಲಾಗಲಿಲ್ಲ. ತಾನೇ ಅವಸರಪಟ್ಟು ಹಾಕಿದ ಅಕ್ಕಿ ಅದು. ಬಾಂಬಿನ ಬಾಯಿಗೆ ತಾನೇ ಹುಡುಗಿಯನ್ನು ಕಳಿಸಿದ ಹಾಗಾಯಿತಲ್ಲ ಅಂತ ಅವಳ ಜೀವ ಒದ್ದಾಡುತ್ತಿತ್ತು. ಟಿಕೆಟ್ ಸಿಗುವವರೆಗೂ ಅವಳು ಸರಿಯಾಗಿ ಉಣ್ಣಲಿಲ್ಲ.

ಹೊರಡುವ ಬೆಳಿಗ್ಗೆ ಬೀದಿಯಲ್ಲಿ ಆಟೋ ಹಾರ್ನ್ ಹೊಡೆಯುತ್ತಿತ್ತು. ಅಜ್ಜಿ ತೇಗದ ಬಾಗಿಲಿಗೆ ಅಡ್ಡ ನಿಂತಳು. ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಸುಯಿಯ ಮುಂದೆ ಒಡ್ಡಿದಳು. ಆ ವಯಸ್ಸಿನವಳು ಹಾಗೆ ಸೆರಗೊಡ್ಡಿ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಹಾಕವ್ವ. ಎಲ್ಲಾ ವಾಪಸ್ ಹಾಕ್ಬುಡು. ನಾನ್ ತುಂಬ್ಲೇ ಇಲ್ಲ ಅಂದ್ಕೊ."

ಸುಯಿ ಮಡಿಲಕ್ಕಿಯ ಗಂಟು ಬಿಚ್ಚಿದಳು. ಒಂದು ಹಿಡಿ ಹಾಕಿದಳು. ಎರಡನೆಯದು ಹಾಕಿದಳು. ಮೂರನೆಯ ಹಿಡಿ ಹಾಕಿ ಗಂಟು ಮತ್ತೆ ಕಟ್ಟಿದಳು. ಅಜ್ಜಿಯ ಸೆರಗು ಒಡ್ಡಿದ ಹಾಗೇ ಇತ್ತು. ಸುಯಿ ಬಗ್ಗಿ ಅವಳ ಕಾಲು ಮುಟ್ಟಿ, ಬಾಗಿಲಿಗೆ ಒಮ್ಮೆ ಕೆನ್ನೆ ತಾಗಿಸಿ, ಹೊಸಿಲು ದಾಟಿದಳು. ನಾನು ಆಟೋದವನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ಎಷ್ಟೋ ವಾರ ಸುದ್ದಿಯೇ ಇರಲಿಲ್ಲ. ನಕ್ಷೆಯಲ್ಲಿ ಅವಳ ಊರು ಒಮ್ಮೆ ಹಸಿರು, ಒಮ್ಮೆ ಬಣ್ಣವೇ ಇಲ್ಲ. ಆಮೇಲೆ ಒಂದು ಸಂಜೆ ನನ್ನ ಫೋನಿಗೆ ಒಂದು ಫೋಟೊ ಬಂತು. ಬಿದಿರಿನ ಗುಡಿಸಲ ಮುಂದೆ ಒಲೆ, ಒಲೆ ಮೇಲೆ ಪಾತ್ರೆ, ಪಕ್ಕದಲ್ಲಿ ಸುಯಿ. ಸುತ್ತ ತಟ್ಟೆ ಹಿಡಿದ ಸೈನಿಕರು, ಎಲ್ಲರೂ ಮೀಸೆ ಚಿಗುರದ ಮುಖದವರೇ. ಜತೆಗೆ ಅವಳ ದನಿ: "ಅಜ್ಜಿ, ಊರು ಮುಟ್ಟಿದೆ. ಮಡಿಲಕ್ಕಿ ಬೇಯಿಸ್ದೆ."

ಅಜ್ಜಿ ಫೋನನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಮುಖ ನೋಡಿದಳು. "ಇಷ್ಟೊಂದ್ ಜನ ಅಂತ ಗೊತ್ತಿದ್ರೆ ಇನ್ನೊಂದ್ ಸೇರು ಹಾಕ್ತಿದ್ನಲ್ಲೇ," ಅಂದಳು. "ಇವ್ರಲ್ಲಿ ಗಂಡ ಯಾರಂತೆ ಕೇಳು."

ಕೇಳಿದೆ. ಉತ್ತರ ಬಂತು. ಬಾವಿ ಅಲ್ಲಿಲ್ಲ, ಅವಳು ತಲುಪುವ ಮೊದಲೇ ದಂಡು ಅವನನ್ನು ಮುಂದಿನ ಪಟ್ಟಣಕ್ಕೆ ಕರೆದೊಯ್ದಿತ್ತು. ಅವನ ಪಾಲಿನ ಒಂದು ಹಿಡಿಯನ್ನು ಬೇಯಿಸದೆ ಗಂಟು ಕಟ್ಟಿ ಇಟ್ಟಿದ್ದಾಳಂತೆ.

ಅಜ್ಜಿ ಎದ್ದು ಒಳಗೆ ಹೋದಳು. ದೇವರ ಮುಂದಿನ ಡಬ್ಬಿ ತೆಗೆದು ನನಗೆ ತೋರಿಸಿದಳು. ಆ ಮೂರು ಹಿಡಿ ಹಾಗೇ ಇದ್ದವು. ಈಗ ಅವಳು ದಂಡು ಎಲ್ಲೀಗಂಟ ಬಂತು ಅಂತ ಕೇಳುವುದಿಲ್ಲ. ಸಂಜೆ ನಾನು ಮೆಟ್ಟಿಲು ಹತ್ತುವಾಗ, "ಆ ಹುಡುಗ ಉಣ್ಣಕ್ ಬಂದ್ನಾ?" ಅಂತ ಮಾತ್ರ ಕೇಳುತ್ತಾಳೆ.

ಇನ್ನೂ ಇಲ್ಲ ಅಜ್ಜಿ, ಅನ್ನುತ್ತೇನೆ.